ಬಿಂಬಲಿ ಹುಳಿ

ಕಾರವಾರದ ಗಾಳಿಗೆ ಕಬ್ಬಿಣ ಕಂಡರೆ ಹಸಿವು.
ಕೋಡಿಬಾಗದಲ್ಲಿ ಬಾಗಿಲ ಬಿಜಾಗರಿ, ಸೈಕಲ್ ಚೈನು,
ನನ್ನ ಅಂಗಡಿಯ ಶಟರು, ಕುರ್ಚಿಯ ಕಾಲು,
ಎಲ್ಲಕ್ಕೂ ಅದು ನಾಲಿಗೆ ಹಚ್ಚಿ ನೋಡಿದೆ.
ಹಾಗಿರುವಾಗ ಅಟ್ಟದ ಬಿಸ್ಕೀಟು ಡಬ್ಬಿಯಲ್ಲಿ
ಐವತ್ತು ವರ್ಷ ಮಲಗಿದ ಅಜ್ಜನ ಮೂರು ಸವರಗತ್ತಿಗಳನ್ನು
ಬಿಟ್ಟೀತೆ?

ಬಿಚ್ಚಲು ಹೋದರೆ ಬಿಚ್ಚಲಿಲ್ಲ. ಮಡಿಸುವ ಮೊಳೆ ಬಿಗಿದುಕೊಂಡಿತ್ತು.
ಒಂದೊಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದೆ.
ಬೆಳಿಗ್ಗೆ ಮೊದಲನೆಯದು ಬಾಯಿ ತೆರೆಯಿತು,
ಒಳಗೆ ಒಣಮೀನಿನ ಚರ್ಮದಂಥ ಕಂದು.

ಸುದ್ದಿ ತಿಳಿದದ್ದೇ ತಡ, ಕೇರಿಗೆಲ್ಲ ಮದ್ದು ಗೊತ್ತು.
ಸೀಮೆಎಣ್ಣೆ, ಅಂದ ಲಾಂಚು ರಿಪೇರಿಯ ಖಲೀಲ,
ಎರಡು ದಿನ ಮುಳುಗಿಸಿಡು, ಇಂಜಿನ್ನೇ ಬಿಡುತ್ತದೆ, ಇದೇನು.
ಪಾವ್ಲೀನ್ ಬಾಯಿ ಶೇಂದಿಯ ಶಿರ್ಕಾ
ಕಾಲು ಬಾಟಲಿ ಕೊಟ್ಟಳು, ಉಳಿದರೆ ವಾಪಸು ಎಂದಳು.
ತುಳಸು ಹರಿಕಂತ್ರ ಮೀನಬುಟ್ಟಿ ಇಳಿಸಿ ನಕ್ಕಳು:
ಹಿತ್ತಲಲ್ಲಿ ಬಿಂಬಲಿ ಉದುರಿ ಕೊಳೆಯುತ್ತಿದೆಯಲ್ಲ ಮಾರಾಯ,
ನಮ್ಮ ಮೀನುಗತ್ತಿಗೆ ಮತ್ತೇನು ಹಚ್ಚುತ್ತೇವೆ?

ಬಿಂಬಲಿಯೇ ಗೆದ್ದಿತು.
ಉದ್ದಕ್ಕೆ ಸೀಳಿ, ಉಪ್ಪು ಮುಟ್ಟಿಸದೆ
(ಉಪ್ಪು ಈ ಊರಿನ ಗಾಳಿಯಲ್ಲೇ ಬೇಕಾದಷ್ಟಿದೆ)
ಬೆನ್ನಿನಿಂದ ಬಾಯಿಯ ಕಡೆಗೆ ಉಜ್ಜಬೇಕು,
ಬಾಯಿಯಿಂದ ಬೆನ್ನಿಗೆ ಎಂದೂ ಅಲ್ಲ.
ಹಿಡಿ ಕೋಣದ ಕೊಂಬಿನದು, ನೆನೆದರೆ ಸೊಟ್ಟಗಾಗುತ್ತದೆ,
ಅದಕ್ಕೆ ಹಳೇ ಪಂಚೆಯ ಚೂರು ಸುತ್ತಬೇಕು.
ಹುಳಿ ಹೆಚ್ಚು ಹೊತ್ತು ನಿಂತರೆ ಉಕ್ಕನ್ನೂ ತಿನ್ನುತ್ತದೆ.
ತುಕ್ಕಿಗೂ ಮದ್ದಿಗೂ ಹೊಟ್ಟೆ ಒಂದೇ,
ನಡುವೆ ಗಡಿಯಾರ ನೋಡುವವನೊಬ್ಬ ಬೇಕು.

ಆಮೇಲೆ ಅಡುಗೆ ಸೋಡಾ, ಬಿಸಿನೀರು.
ಗುಳಿ ಬಿದ್ದ ಜಾಗಕ್ಕೆ ದಂಡೆಯಲ್ಲಿ ಹೆಕ್ಕಿದ ಮಾಣಕಿಯ ಬಿಳಿ ಮೂಳೆ,
ಪುಡಿ ಮಾಡಿ, ಬೆರಳ ತುದಿಯಲ್ಲಿ.
ಕಪ್ಪು ನೀರು ಮೊಣಕೈವರೆಗೆ ಇಳಿಯಿತು.
ಸಂಜೆಗೆ ಉಕ್ಕಿನಲ್ಲಿ ನನ್ನದೇ ಒಂದು ಕಣ್ಣು,
ಬುಡದಲ್ಲಿ ಯಾವುದೋ ಪರದೇಶದ ಅಕ್ಷರ, ಒಂದು ಆನೆ;
ಸೊಂಡಿಲನ್ನು ತುಕ್ಕು ತಿಂದು ಆನೆ ಹಂದಿಯಾಗಿತ್ತು.

ಎರಡನೆಯದಕ್ಕೆ ಎರಡು ದಿನ.
ನಾನು ಅರ್ಧ ಬ್ಲೇಡು ಸಿಕ್ಕಿಸಿ ಗಡ್ಡ ಹೆರೆಯುವವ,
ಗಿರಾಕಿಗೊಂದು, ಮುಗಿದರೆ ಕಸಕ್ಕೆ.
ಮಸೆಯುವ ವಿದ್ಯೆ ಅಜ್ಜನ ಜೊತೆಗೇ ಹೋಯಿತು.
ಆದರೂ ಸೊಂಟದ ಬೆಲ್ಟಿಗೇ ನಾಲ್ಕು ಸಲ ಎಳೆದು
ಮುಂಗೈಯ ರೋಮಕ್ಕೆ ಹಿಡಿದೆ.
ಸದ್ದಿಲ್ಲದೆ ಬಿದ್ದವು.

ಎಷ್ಟು ಎಣ್ಣೆ ಕುಡಿದರೂ ಬಾಯಿ ತೆರೆಯದ
ಮೂರನೆಯದನ್ನು ಎತ್ತಿಕೊಂಡಾಗ
ಹೊಸ್ತಿಲ ಹತ್ತಿರ ಶೆಟ್ಲಿ ಸುಲಿಯುತ್ತಿದ್ದ ಆಯಿ
ಕೈ ನಿಲ್ಲಿಸಿದಳು.
ಅದನ್ನು ಬಿಡು, ಅಂದಳು.
ಅದು ತಾನಾಗಿ ತುಕ್ಕು ಹಿಡಿದದ್ದಲ್ಲ.

ಅವಳಿಗಾಗ ಏಳು ವರ್ಷ. ಅಪ್ಪನ ಹಿಂದೆ ಚೀಲ ಹೊತ್ತು ನಡೆಯುತ್ತಿದ್ದಳು,
ದೊಡ್ಡವರ ಮನೆಗಳ ಹಿಂಬಾಗಿಲಿಗೆ, ಹದಿನೈದು ದಿನಕ್ಕೊಮ್ಮೆ,
ಗಂಡ ಸತ್ತ ಹೆಂಗಸರ ತಲೆಗೆ.
ಆ ಕತ್ತಿ ಅದಕ್ಕೆಂದೇ; ಗಂಡಸರ ಗಡ್ಡಕ್ಕೆ ತಾಗುವಂತಿಲ್ಲ.
ಒಂದು ದಿನ ಬಾವಿಕಟ್ಟೆಯ ಬಳಿ ಹೊಸದಾಗಿ ಕೂರಿಸಿದ್ದ ಹುಡುಗಿ
ಆಯಿಯನ್ನು ಕೇಳಿದಳಂತೆ,
ನಿನ್ನ ಜಡೆ ಹೆಣೆದದ್ದು ಯಾರು?
ಅಷ್ಟೇ. ಅತ್ತಿರಲಿಲ್ಲ.
ಅಜ್ಜ ಕೆಲಸ ಮುಗಿಸಿದ. ಮುಗಿಸದೆ ಬರಲಿಲ್ಲ,
ಇದನ್ನು ಆಯಿ ಎರಡು ಸಲ ಹೇಳಿದಳು.
ಮನೆಗೆ ಬಂದು, ಒರೆಸದೆ, ಕತ್ತಿಯನ್ನು
ಉಪ್ಪುಮೀನಿನ ಭರಣಿಯ ನೀರಿಗೆ ಇಳಿಸಿದ.
ಮುಂದಿನ ಸಲ ಕರೆ ಬಂದಾಗ,
ಒಡೆಯಾ, ಕತ್ತಿ ತುಕ್ಕು ಹಿಡಿದಿದೆ, ಅಂದ.
ಅದರ ಮುಂದಿನ ಸಲವೂ ಅಂದ.
ಅವರು ಅಂಕೋಲೆಯಿಂದ ಬೇರೆಯವನನ್ನು ಕರೆಸಿದರು.

ನಾನು ಕತ್ತಿ ಹಿಡಿದೇ ಕೂತಿದ್ದೆ.
ಬೆರಳಿಗಂಟಿದ ಕೆಂಪು ಪುಡಿಯನ್ನು
ಏನು ಮಾಡುವುದೆಂದು ತಿಳಿಯದೆ ಲುಂಗಿಗೆ ಒರೆಸಿದೆ.
ಪಾವ್ಲೀನಳ ಶಿರ್ಕಾ ವಾಪಸು ಕೊಡುವುದಿತ್ತು.
ತಟ್ಟೆಯಲ್ಲಿ ಸೀಳದ ಬಿಂಬಲಿ ಇನ್ನೂ ಎಂಟು.
ಇತ್ತ ಕೊಡು, ಅಂದಳು ಆಯಿ,
ಶೆಟ್ಲಿಗೆ ಹುಳಿ ಬೇಕು.